ಫ್ರೆಂಚ್ ಕಲಿಯೋಕೆ ನಾನು ಕೋರ್ಸ್ ಆರಿಸಿದ್ದು ಹೀಗೆ

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಶಿಫ್ಟ್ ಬದಲಾಗುತ್ತಲೇ ಇರುತ್ತದೆ, ಕ್ಲಾಸಿಗೆ ಹೋಗುವುದು ಆಗದ ಮಾತು. ಹಾಗಾಗಿ ಮನೆಯಲ್ಲೇ ಫ್ರೆಂಚ್ ಕಲಿಯಲು ಕೋರ್ಸ್ ಹುಡುಕಿದೆ. ಬೆಲೆ, ರಿವ್ಯೂ ಎಲ್ಲ ಆಮೇಲೆ. ಮೊದಲು ನೋಡಿದ್ದು ಒಂದೇ: ಅದರ ಆಡಿಯೋದಲ್ಲಿ ಫ್ರೆಂಚ್ ಎಷ್ಟಿದೆ, ಇಂಗ್ಲಿಷ್ ಎಷ್ಟಿದೆ?

ಯಾಕಂದ್ರೆ ಫ್ರೆಂಚ್‌ನಲ್ಲಿ ಬರೆದದ್ದೇ ಬೇರೆ, ಅನ್ನುವುದೇ ಬೇರೆ. ಪದದ ಕೊನೆಯ ಅಕ್ಷರ ಎಷ್ಟೋ ಸಲ ಕೇಳುವುದೇ ಇಲ್ಲ, ಆದರೆ ಮುಂದಿನ ಪದ ಸ್ವರದಿಂದ ಶುರುವಾದರೆ ಹಲವು ಸಲ ಅದೇ ಅಕ್ಷರ ಮತ್ತೆ ಕೇಳಿಸುತ್ತದೆ. 'ಲೇ' (les), 'ಆಮಿ' (amis, ಅಂದ್ರೆ ಗೆಳೆಯರು) ಸೇರಿ 'ಲೇಜಾಮಿ' ಆಗುತ್ತದೆ. ಇದು ಕಣ್ಣಿನಿಂದ ಬರುವ ವಿದ್ಯೆಯಲ್ಲ, ಕಿವಿಯಿಂದಲೇ ಬರಬೇಕು.

ಒಂದೊಂದು ಕೋರ್ಸಿನದೂ ಒಂದೊಂದು ಪಾಠ ಕೇಳಿ ನೋಡಿದೆ. ಪಿಮ್ಸ್ಲರ್‌ನಲ್ಲಿ ಅರ್ಧ ಗಂಟೆಯ ಪಾಠ, ಅವರು ಪ್ರಶ್ನೆ ಕೇಳುತ್ತಾರೆ, ನಾವು ಬಾಯಿಬಿಟ್ಟು ಹೇಳಬೇಕು. ಗಾಡಿಯಲ್ಲಿ ಹೋಗುವಾಗ ಚೆನ್ನಾಗಿದೆ, ಆದರೆ ಪದಗಳು ಕಡಿಮೆ, ದುಡ್ಡು ಜಾಸ್ತಿ. ಅಮೆರಿಕದ ವಿದೇಶಾಂಗ ಸಿಬ್ಬಂದಿಗಾಗಿ ಮಾಡಿದ ಎಫ್‌ಎಸ್‌ಐ ಕೋರ್ಸ್ ಹಳೇದು, ಪುಸ್ತಕ ಆಡಿಯೋ ಎರಡೂ ಪುಕ್ಕಟೆ ಸಿಗುತ್ತವೆ. ಒಂದೇ ವಾಕ್ಯವನ್ನು ತಿರುಗಿಸಿ ತಿರುಗಿಸಿ ಹೇಳಿಸುತ್ತಾರೆ. ವ್ಯಾಕರಣ ನಾಲಿಗೆ ಮೇಲೆ ಕೂರಬೇಕು ಅಂದ್ರೆ ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ. ಡ್ಯುಯೊಲಿಂಗೊ ಆ್ಯಪ್ ದಿನದ ರೂಢಿಗೆ ಸಾಕು, ಅದೊಂದೇ ಸಾಲದು.

ಕೊನೆಗೆ ನಾನು ಹಿಡಿದದ್ದು ಅಸಿಮಿಲ್. 1929ರಲ್ಲಿ ಶುರುವಾದ ಫ್ರಾನ್ಸಿನ ಕಂಪನಿ. ಆಡಿಯೋದಲ್ಲಿ ಬರೀ ಫ್ರೆಂಚ್. ಪುಸ್ತಕದ ಒಂದು ಪುಟದಲ್ಲಿ ಸಣ್ಣ ಸಂಭಾಷಣೆ, ಎದುರು ಪುಟದಲ್ಲಿ ಇಂಗ್ಲಿಷ್ ಅರ್ಥ. ಶುರುವಿನಲ್ಲಿ ಸುಮ್ನೆ ಕೇಳಿ, ಅರ್ಥ ಮಾಡಿಕೊಂಡು, ಜೋರಾಗಿ ಹೇಳಿದರೆ ಸಾಕು. 50ನೇ ಪಾಠಕ್ಕೆ ಬಂದಾಗ ಹೊಸ ಪಾಠದ ಜೊತೆಗೆ 1ನೇ ಪಾಠಕ್ಕೂ ಹಿಂದಕ್ಕೆ ಹೋಗಿ, ಇಂಗ್ಲಿಷ್ ನೋಡಿ ಫ್ರೆಂಚ್ ಹೇಳಬೇಕು. ನಾನು ಇಂಗ್ಲಿಷ್ ಬದಲು ಕನ್ನಡದಲ್ಲಿ ಅರ್ಥ ಬರೆದುಕೊಂಡೆ, ಇದರಿಂದ ತುಂಬಾ ಉಪಯೋಗವಾಯಿತು.

ಇಂಗ್ಲಿಷ್ ಮಾತಾಡುವವರಿಗೆ ಬರೆದ ಕೋರ್ಸ್‌ಗಳಲ್ಲಿ ನಮಗೆ ಬೇಡದ್ದು ಬಹಳ ಇರುತ್ತದೆ. 'ತು', 'ವು' ಯಾವಾಗ ಬಳಸಬೇಕು ಅಂತ ಪುಟಗಟ್ಟಲೆ ಹೇಳುತ್ತಾರೆ, ನೀನು ನೀವು ಗೊತ್ತಿರುವ ನಮಗೆ ಅದು ಎರಡು ನಿಮಿಷದ ಕೆಲಸ. ಪ, ತ, ಕ ಹೇಳುವಾಗ ಉಸಿರು ತಡೆಯಿರಿ ಅಂತಾರೆ, ಅದು ನಮ್ಮ ಕನ್ನಡದ ಪ, ತ, ಕನೇ ಅಲ್ವಾ! ಟೇಬಲ್ ಅನ್ನುವಾಗಿನ 'ಟ' ಮಾತ್ರ ಬಿಡಬೇಕು, ಅಲ್ಲಿ ಅದು 'ತಾಬ್ಲ್'. ನಮಗೆ ಕಷ್ಟ ಆಗುವುದು ಬೇರೆ ಕಡೆ. 'ಈ' ಅನ್ನುತ್ತಾ ತುಟಿಯನ್ನು 'ಊ'ಗೆ ಮಾಡಬೇಕಾದ ಸ್ವರ ಇದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ನಾವು 'ಉ' ಸೇರಿಸಿಬಿಡುತ್ತೇವೆ. ವಸ್ತುಗಳಿಗೂ ಗಂಡು ಹೆಣ್ಣು ಅನ್ನುವುದು ಕನ್ನಡಕ್ಕೆ ಹೊಸದು, ಆದರೆ ಬೆಳಗಾವಿಯಲ್ಲಿ ಮರಾಠಿ ಕೇಳುತ್ತಾ ಬೆಳೆದವರಿಗೆ ಆ ಯೋಚನೆ ವಿಚಿತ್ರ ಅನಿಸುವುದಿಲ್ಲ. ವಸ್ತುವಿನ ಪ್ರತಿ ಹೆಸರನ್ನೂ 'ಅಂ' (ಗಂಡು ಪದಕ್ಕೆ 'ಒಂದು') ಅಥವಾ 'ಯೂನ್' (ಹೆಣ್ಣು ಪದಕ್ಕೆ 'ಒಂದು') ಸೇರಿಸಿಯೇ ಕಲಿಯಿರಿ.

ಪುಸ್ತಕ ಅರ್ಧ ದಾಟಿದ ಮೇಲೆ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೋದ ಸುಲಭ ಫ್ರೆಂಚ್ ವಾರ್ತೆ ಕೇಳಲು ಶುರು ಮಾಡಿದೆ. ಸುಮಾರು 10 ನಿಮಿಷ, ಜೊತೆಗೆ ಬರಹವೂ ಸಿಗುತ್ತದೆ.

ಸರ್ಟಿಫಿಕೇಟ್ ಬೇಕಾದವರು ಡೆಲ್ಫ್ ಪರೀಕ್ಷೆ ಬರೆಯಬಹುದು. ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾಂಸೇಸ್ ಸಂಸ್ಥೆಯಲ್ಲಿ ನಡೆಯುತ್ತದೆ, ನಮಗೆ ಬೆಂಗಳೂರಿಗಿಂತ ಪುಣೆ ಹತ್ತಿರ. 100 ಅಂಕಕ್ಕೆ 50 ಬಂದರೆ ಪಾಸ್. ಆದರೆ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25 ಅಂಕ, ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಒಬ್ಬರೇ ಕಲಿಯುವವರಿಗೆ ಮಾತೇ ಹಿಂದೆ ಬೀಳುವುದು. ಅದಕ್ಕೇ ಈಗ ಪ್ರತಿ ಪಾಠವನ್ನೂ ಮೊಬೈಲ್‌ನಲ್ಲಿ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ, ಮೂಲದ ಜೊತೆ ಇಟ್ಟು ಕೇಳುತ್ತಿದ್ದೇನೆ.