ಥ್ರಾಟಲ್ ಸೆನ್ಸರ್: ಮೊದಲು ಮೀಟರ್, ಆಮೇಲೆ ಸ್ಕ್ರೂಡ್ರೈವರ್

ನಮ್ಮ ಮನೆಯ ಹಳೇ ಕಾರು ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಆಫ್ ಆಗುತ್ತಿತ್ತು. ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡುವ ಭಾಗ) ಪಕ್ಕದ ಪುಟ್ಟ ಕಪ್ಪು ಡಬ್ಬಿಯ ಎರಡು ಸ್ಕ್ರೂ ಸಡಿಲಿಸಿದರು. ಸದ್ದು ಕೇಳುತ್ತಾ ಅದನ್ನು ತುಸು ತಿರುಗಿಸಿದರು. ಐಡ್ಲಿಂಗ್, ಅಂದರೆ ಕಾಲು ತೆಗೆದಾಗಿನ ಇಂಜಿನ್ ವೇಗ, ಏರಿತು. ‘ಆಯ್ತು ಸಾರ್, ಇನ್ನು ಆಫ್ ಆಗಲ್ಲ’ ಅಂದರು.

ಆಫ್ ಆಗಲಿಲ್ಲ, ನಿಜ. ಆದರೆ ಕಾಲು ತೆಗೆದರೂ ಕಾರು ತನ್ನಷ್ಟಕ್ಕೆ ಮುಂದಕ್ಕೆ ಎಳೆಯತೊಡಗಿತು. ಪೆಟ್ರೋಲ್ ಬೇರೆ ಜಾಸ್ತಿ ಕುಡಿಯಿತು. ಮನೆಯಲ್ಲಿ ಆ ಡಬ್ಬಿಯ ವೈರಿಗೆ ಮಲ್ಟಿಮೀಟರ್ ಇಟ್ಟು ನೋಡಿದರೆ, 0.6 ವೋಲ್ಟ್ ಇರಬೇಕಾದ ಕಡೆ 1.3 ಇತ್ತು. ನನ್ನ ಕಾಲು ಇನ್ನೂ ಪೆಡಲ್ ಮೇಲೇ ಇದೆ ಅಂತ ಕಾರಿನ ಕಂಪ್ಯೂಟರ್ ನಂಬಿಕೊಂಡಿತ್ತು.

ಆ ಡಬ್ಬಿಯೇ ಥ್ರಾಟಲ್ ಪೊಸಿಷನ್ ಸೆನ್ಸರ್. ಗ್ಯಾರೇಜ್ ಭಾಷೆಯಲ್ಲಿ ಟಿಪಿಎಸ್. ಆಕ್ಸಿಲರೇಟರ್ ಒತ್ತಿದಾಗ ಕೇಬಲ್ ಎಳೆದು, ಇಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿರುವ ದುಂಡನೆಯ ತಗಡು (ಥ್ರಾಟಲ್) ತೆರೆಯುತ್ತದೆ. ಅದು ಎಷ್ಟು ತೆರೆದಿದೆ ಅಂತ ಹೇಳುವುದಷ್ಟೇ ಈ ಸೆನ್ಸರ್ ಕೆಲಸ. ಒಳಗಿರುವುದು ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯ ಜಾತಿಯದೇ. ಒಂದು ವೈರಿನಲ್ಲಿ 5 ವೋಲ್ಟ್ ಬರುತ್ತದೆ, ಒಂದು ಅರ್ಥ್, ಮೂರನೆಯದು ಸಿಗ್ನಲ್. ತಗಡು ತೆರೆದಷ್ಟೂ ಸಿಗ್ನಲ್ ವೋಲ್ಟೇಜ್ ಏರುತ್ತದೆ.

ಈ ಒಂದು ಅಂಕಿಯನ್ನು ನಂಬಿಕೊಂಡು ಕಂಪ್ಯೂಟರ್ ಎಷ್ಟೋ ಕೆಲಸ ಮಾಡುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದರೆ ಪೆಟ್ರೋಲ್ ನಿಲ್ಲಿಸುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಘಾಟಿ ಏರುವಾಗ ಪೆಡಲ್ ಪೂರ್ತಿ ಒತ್ತಿದರೆ ಎಸಿ ಕಂಪ್ರೆಸರನ್ನು ಸ್ವಲ್ಪ ಹೊತ್ತು ಆಫ್ ಮಾಡುತ್ತದೆ. ಇನ್ನೊಂದು ತಮಾಷೆಯಿದೆ. ಪೆಡಲ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿದರೆ, ‘ಪೆಟ್ರೋಲ್ ಜಾಸ್ತಿಯಾಗಿ ಇಂಜಿನ್ ಒದ್ದೆಯಾಗಿದೆ’ ಅಂತ ತಿಳಿದು ಬಹಳಷ್ಟು ಕಂಪ್ಯೂಟರುಗಳು ಇಂಜೆಕ್ಟರನ್ನೇ ನಿಲ್ಲಿಸುತ್ತವೆ. ಹಾಗಾಗಿ ಸೆನ್ಸರ್ ಕೆಟ್ಟು ಸುಮ್ನೆ 4.5 ವೋಲ್ಟ್ ತೋರಿಸುತ್ತಿದ್ದರೆ ಕಾರು ಸ್ಟಾರ್ಟೇ ಆಗದಿರಬಹುದು.

ಕೈ ಹಾಕುವ ಮೊದಲು

ಇದು ಕೇಬಲ್ ಇರುವ ಕಾರುಗಳ ಮಾತು. ಥ್ರಾಟಲ್ ಬಾಡಿಗೆ ಆಕ್ಸಿಲರೇಟರ್ ಕೇಬಲ್ ಬರದೆ ಬರೀ ವೈರ್ ಬಂದಿದ್ದರೆ ತಗಡನ್ನು ತಿರುಗಿಸುವುದು ಮೋಟಾರು. ಅಲ್ಲಿ ಎರಡೆರಡು ಸೆನ್ಸರ್ ಒಟ್ಟಿಗಿರುತ್ತವೆ, ಕೈಯಲ್ಲಿ ಅಡ್ಜಸ್ಟ್ ಮಾಡುವಂಥದ್ದೇನೂ ಇರುವುದಿಲ್ಲ. ಕೀ ಆನ್ ಇದ್ದಾಗ ಆ ತಗಡಿಗೆ ಬೆರಳು ಹಾಕಲೇಬೇಡಿ. ಮೋಟಾರಿಗೆ ಬೆರಳು ಯಾವುದು ಅಂತ ಗೊತ್ತಾಗುವುದಿಲ್ಲ.

ಕೇಬಲ್ ಇದೆ ಅಂದರೆ ಮೊದಲು ಕಾಲಬುಡದ ಮ್ಯಾಟ್ ನೋಡಿ. ಪೆಡಲ್ ಕೆಳಗೆ ಮಡಚಿಕೊಂಡಿದ್ದರೆ ಥ್ರಾಟಲ್ ಪೂರ್ತಿ ತೆರೆಯುವುದಿಲ್ಲ. ಆಮೇಲೆ ಕೇಬಲ್. ಅದು ಕೊಂಚ ಸಡಿಲ ಇರಬೇಕು. ಬಿಗಿಯಾಗಿದ್ದರೆ ತಗಡು ಪೂರ್ತಿ ಮುಚ್ಚುವುದಿಲ್ಲ, ಅದಕ್ಕೆ ಸೆನ್ಸರನ್ನು ಬೈದು ಪ್ರಯೋಜನವಿಲ್ಲ.

ನಂತರ ಏರ್ ಪೈಪ್ ಬಿಚ್ಚಿ ತಗಡಿನ ಅಂಚು ನೋಡಿ. ಕಪ್ಪು ಅಂಟು ಕಟ್ಟಿದ್ದರೆ ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ತಂತಿ ಬ್ರಷ್ ಬೇಡ, ಸೆನ್ಸರ್ ಮೇಲೆ ಸ್ಪ್ರೇ ಬೇಡ. ಈ ಕೆಲಸವನ್ನು ಮೊದಲೇ ಮಾಡಿ ಅನ್ನುವುದಕ್ಕೆ ಕಾರಣವಿದೆ. ನಾನು ಮೊದಲು ಸೆನ್ಸರನ್ನು 0.6ಕ್ಕೆ ತಂದೆ. ಮರುದಿನ ಕಾರು ಮತ್ತೆ ಸಿಗ್ನಲ್‌ನಲ್ಲಿ ಆಫ್! ಒರೆಸಿದ ಮೇಲೆಯೇ ಸರಿಹೋಗಿದ್ದು. ಅಸಲಿ ಕಳ್ಳ ಆ ಅಂಟು, ಪೆಟ್ಟು ತಿಂದಿದ್ದು ಸೆನ್ಸರ್.

ಮೀಟರ್ ಇಡುವ ಬಗೆ

ಬೇಕಾಗಿರುವುದು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಎರಡು ಗುಂಡುಪಿನ್ನು. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಮೀಟರ್ ಸಿಗುತ್ತದೆ. ಹಳೇ ಮುಳ್ಳಿನ ಮೀಟರ್ ಮನೆಯಲ್ಲಿದ್ದರೆ ಬಿಸಾಡಬೇಡಿ, ಅದಕ್ಕೂ ಕೆಲಸವಿದೆ.

ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. ಸೆನ್ಸರ್‌ನ ಕಪ್ಲರ್ (ವೈರುಗಳನ್ನು ಸೆನ್ಸರಿಗೆ ಸಿಕ್ಕಿಸುವ ಪ್ಲಗ್) ಬಿಚ್ಚಬೇಡಿ. ವೈರ್ ಒಳಗೆ ಹೋಗುವ ಹಿಂಬದಿಯಿಂದ, ರಬ್ಬರ್ ಪಕ್ಕದಲ್ಲಿ ಪಿನ್ನನ್ನು ಮೆಲ್ಲಗೆ ತೂರಿಸಿ. ವೈರಿನ ಪ್ಲಾಸ್ಟಿಕ್‌ಗೆ ಚುಚ್ಚಬಾರದು. ಮಳೆಗಾಲದಲ್ಲಿ ಆ ತೂತಿನಿಂದ ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಎರಡು ಪಿನ್ನು ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ.

ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಮೂರೂ ವೈರಿನ ಹಿಂದೆ ಒಂದೊಂದಾಗಿ ಪಿನ್ನು ತೂರಿಸಿ, ಅದಕ್ಕೆ ಕೆಂಪು ತುದಿ ತಾಗಿಸಿ ನೋಡಿ. ಒಂದರಲ್ಲಿ 5 ವೋಲ್ಟ್ ಆಸುಪಾಸು ಬರುತ್ತದೆ. ಇನ್ನೊಂದರಲ್ಲಿ ಹತ್ತಿರ ಹತ್ತಿರ ಸೊನ್ನೆ. ಪೆಡಲ್ ಒತ್ತಿದರೆ ಬದಲಾಗುವುದು ಸಿಗ್ನಲ್ ವೈರ್. ಬಣ್ಣ ನೋಡಿ ಊಹೆ ಮಾಡುವ ಗೋಜೇ ಬೇಡ. ಕೆಲವು ಕಾರುಗಳಲ್ಲಿ ನಾಲ್ಕನೇ ವೈರ್ ಇರುತ್ತದೆ, ಅದು ಐಡ್ಲಿಂಗ್ ಸ್ವಿಚ್ಚಿನದು.

5 ವೋಲ್ಟ್ ಬರದಿದ್ದರೆ ಬಹುಮಟ್ಟಿಗೆ ಸೆನ್ಸರ್ ತಪ್ಪಲ್ಲ. ವೈರ್ ಕಡಿದಿರಬಹುದು, ಇಲಿ ಕಚ್ಚಿರಬಹುದು. ಅರ್ಥ್ ವೈರಿನಲ್ಲಿ 0.1 ವೋಲ್ಟಿಗಿಂತ ಜಾಸ್ತಿ ಇದ್ದರೂ ಮೊದಲು ವೈರಿಂಗ್ ನೋಡಿಸಿ.

ಈಗ ಅಸಲಿ ಪರೀಕ್ಷೆ. ಮನೆಯವರೊಬ್ಬರನ್ನು ಸೀಟಿನಲ್ಲಿ ಕೂರಿಸಿ. ಕಾಲು ತೆಗೆದಾಗ ಸಿಗ್ನಲ್ ವೋಲ್ಟೇಜ್ ಸಾಮಾನ್ಯವಾಗಿ 0.4ರಿಂದ 1ರ ಒಳಗಿರುತ್ತದೆ, ಪೂರ್ತಿ ಒತ್ತಿದಾಗ 4 ದಾಟುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿದೆ, ಅದೇ ಕೊನೆ ಮಾತು. ಆದರೆ ಎರಡು ತುದಿ ನೋಡಿ ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ. ನಡುವೆ ಏನಾಗುತ್ತದೆ ಅನ್ನುವುದು ಮುಖ್ಯ.

ಪೆಡಲನ್ನು ಇರುವೆ ನಡಿಗೆಯಲ್ಲಿ ಒತ್ತಲು ಹೇಳಿ. ನೆಂಟರೊಬ್ಬರ ಕಾರಿನಲ್ಲಿ ನಾನು ನೋಡಿದ್ದು ಹೀಗೆ: 0.6, 0.8, 1.0, 1.2, ಪಟ್ಟನೆ 0.1, ಮತ್ತೆ 1.5, 1.7. ಆ ಒಂದು ಕಡೆ ಸೆನ್ಸರ್ ಒಳಗಿನ ಪಟ್ಟಿ ಸವೆದು ಹೋಗಿತ್ತು. ಊರೊಳಗೆ ಓಡಿಸುವವರ ಕಾಲು ವರ್ಷಗಟ್ಟಲೆ ಪೆಡಲಿನ ಮೊದಲ ಕಾಲುಭಾಗದಲ್ಲೇ ಆಡುತ್ತದಲ್ವಾ? ಆ ಪಟ್ಟಿಯ ಮೇಲೆ ಓಡಾಡುವ ಮುಳ್ಳೂ ಅಲ್ಲೇ ಉಜ್ಜುತ್ತದೆ. ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೋಗುವಾಗ ಕಾರು ಜರ್ಕ್ ಹೊಡೆಯುವುದು ಎಷ್ಟೋ ಸಲ ಇದಕ್ಕೇ. ಡಿಜಿಟಲ್ ಮೀಟರ್ ಇಂಥ ಕ್ಷಣದ ಬೀಳುವಿಕೆಯನ್ನು ತಪ್ಪಿಸಿಬಿಡಬಹುದು. ಮುಳ್ಳಿನ ಮೀಟರಾದರೆ ಮುಳ್ಳು ಕುಣಿದು ತೋರಿಸುತ್ತದೆ. ಹೀಗೆ ಸವೆದಿದ್ದರೆ ಅಡ್ಜಸ್ಟ್ ಮಾಡಿ ಉಪಯೋಗವಿಲ್ಲ, ಹೊಸದೇ ಹಾಕಬೇಕು.

2013ರಿಂದೀಚಿನ ಕಾರಾದರೆ ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಹಾಕಿಯೂ ನೋಡಬಹುದು. ಪಿ0120ರಿಂದ ಪಿ0123ರವರೆಗಿನ ಕೋಡ್‌ಗಳು ಈ ಸರ್ಕ್ಯೂಟಿಗೆ ಸೇರಿದವು. ಕಾಲು ತೆಗೆದಾಗಲೂ ಮೊಬೈಲಿನಲ್ಲಿ ಥ್ರಾಟಲ್ 12-15% ಅಂತ ಕಂಡರೆ ಗಾಬರಿ ಬೇಡ. 5 ವೋಲ್ಟಿನಲ್ಲಿ 0.6 ಅಂದರೆ 12% ತಾನೇ.

ತಿರುಗಿಸುವುದಾದರೆ

ಸೆನ್ಸರ್‌ನ ಸ್ಕ್ರೂ ತೂತು ಉದ್ದುದ್ದ ಇದೆಯಾ ಅಂತ ಮೊದಲು ನೋಡಿ. ದುಂಡಗಿದ್ದರೆ ಅಡ್ಜಸ್ಟ್‌ಮೆಂಟ್ ಇಲ್ಲ ಅಂತಲೇ ಅರ್ಥ. ಆ ತೂತನ್ನು ಅರದಿಂದ ಉಜ್ಜಿ ಉದ್ದ ಮಾಡುವವರೂ ಇದ್ದಾರೆ. ದಯವಿಟ್ಟು ನೀವು ಅವರ ಗುಂಪಿಗೆ ಸೇರಬೇಡಿ.

ಉದ್ದ ತೂತಿದ್ದರೆ, ಸೆನ್ಸರ್ ಮತ್ತು ಬಾಡಿ ಎರಡರ ಮೇಲೂ ಬರುವ ಹಾಗೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಎಡವಟ್ಟಾದರೆ ವಾಪಸ್ ಬರಲು ದಾರಿ ಬೇಕಲ್ಲ. ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ. ಬಿಸಿಗೆ ಕಚ್ಚಿಕೊಂಡಿರುತ್ತವೆ, ತಲೆ ಸವೆದರೆ ಕಥೆ ಮುಗಿಯಿತು. ಎರಡೂ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಮೀಟರ್ ನೋಡುತ್ತಾ ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿ. ಕಾಲು ತೆಗೆದಾಗಿನ ಸರಿಯಾದ ಅಂಕಿ ಬಂದ ಮೇಲೆ ಬಿಗಿ ಮಾಡಿ, ಮತ್ತೆ ನೋಡಿ. ಬಿಗಿ ಮಾಡುವಾಗ ಅದು ಜರುಗಿಯೇ ಜರುಗುತ್ತದೆ. ನನಗೆ ನಾಲ್ಕು ಸಲ ಬೇಕಾಯಿತು. ಪಕ್ಕದಲ್ಲೇ ತಗಡಿನ ಸ್ಟಾಪ್ ಸ್ಕ್ರೂ (ತಗಡು ಮುಚ್ಚುವಾಗ ಎಲ್ಲಿ ನಿಲ್ಲಬೇಕು ಅಂತ ತಡೆಯುವ ಸ್ಕ್ರೂ) ಕಾಣುತ್ತದೆ, ಅದನ್ನು ಮುಟ್ಟಬೇಡಿ. ಕಾರ್ಖಾನೆಯಲ್ಲೇ ಸೆಟ್ ಮಾಡಿರುತ್ತಾರೆ.

ಹೊಸ ಸೆನ್ಸರ್ ಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಜೆಸಿ ರಸ್ತೆಗೋ ನಿಮ್ಮೂರಿನ ಸ್ಪೇರ್ ಅಂಗಡಿಗೋ ಹೋಗಿ. ಕೂರಿಸುವಾಗ ಕೀ ಆಫ್ ಇರಲಿ. ಕಪ್ಲರ್, ತೂತು, ಶಾಫ್ಟ್ ಕೂರುವ ನಾಲಿಗೆ ಮೂರೂ ಒಂದೇ ಥರ ಇರಬೇಕು. ಸಾಮಾನ್ಯವಾಗಿ ಅದನ್ನು ತುಸು ಓರೆಯಾಗಿ ಇಟ್ಟು, ಸ್ಪ್ರಿಂಗಿನ ಎದುರು ತಿರುಗಿಸಿ ತೂತಿಗೆ ತರಬೇಕಾಗುತ್ತದೆ. ನಾಲಿಗೆ ತಪ್ಪು ಕಡೆ ಕೂತರೆ ಥ್ರಾಟಲ್ ಸಿಕ್ಕಿಹಾಕಿಕೊಳ್ಳಬಹುದು. ಅದಕ್ಕೇ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಥ್ರಾಟಲನ್ನು ಕೈಯಲ್ಲಿ ಪೂರ್ತಿ ತೆರೆದು ಬಿಡಿ. ‘ಟಕ್’ ಅಂತ ತಾನೇ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದಿದ್ದರೆ ಕೀ ಮುಟ್ಟದೆ ಸೆನ್ಸರನ್ನು ಮತ್ತೆ ಬಿಚ್ಚಿ.