ಎಲಿವೇಷನ್ ಪಕ್ಕಕ್ಕಿಟ್ಟು ಸ್ಪೇನಿನ ಮನೆಗಳನ್ನು ನೋಡಿದ್ದು

"ಸ್ಪ್ಯಾನಿಷ್ ವಿಲ್ಲಾ ಥರ ಇರಲಿ ಮೇಡಂ" ಎಂದು ಕೇಳುವವರು ಬೆಂಗಳೂರಿನಲ್ಲಿ ಈಗ ಜಾಸ್ತಿ. ತೋರಿಸುವ ಫೋಟೊ ಕೂಡ ಹೆಚ್ಚುಕಡಿಮೆ ಒಂದೇ. ಬಿಳಿ ಗೋಡೆ, ಕೆಂಪು ಹೆಂಚು, ಮುಂದೆ ಮೂರು ಕಮಾನು, ಮೂಲೆಯಲ್ಲೊಂದು ಗೋಪುರ, ಕಬ್ಬಿಣದ ಕಂಬಿಯ ಬಾಲ್ಕನಿ. ನಾನು ಮನೆಗಳ ನಕ್ಷೆ ಬರೆಯುವವಳು. ಇಂಥ ಎಲಿವೇಷನ್, ಅಂದರೆ ಮನೆಯ ಹೊರಮುಖದ ಚಿತ್ರ, ಬರೆದುಕೊಡುವುದು ಕಷ್ಟವೇನಲ್ಲ. ಆದರೆ ಅಲ್ಲಿನ ಮನೆಗೆ ಆ ಗುಣ ಎಲ್ಲಿಂದ ಬಂತು ಎನ್ನುವುದು ಮೊದಲು ನನಗೆ ತಿಳಿಯಬೇಕಿತ್ತು. ಪುಸ್ತಕದ ಫೋಟೊಗಳಲ್ಲಿ ಅದು ಸಿಗಲಿಲ್ಲ. ಹೋಗಿ, ಅಳೆದು, ಬರೆದು ನೋಡಿದೆ.

ಹೋಗುವ ಮುಂಚೆಯೇ ಒಂದು ಕಟ್ಟಳೆ ಹಾಕಿಕೊಂಡಿದ್ದೆ. ಯಾವ ಕಟ್ಟಡದ ಮುಂದೆಯೂ ನಿಂತು ಅದರ ಮುಖ ಬರೆಯುವುದಿಲ್ಲ. ಪ್ಲಾನ್ ಬರೆಯುತ್ತೇನೆ, ಸೆಕ್ಷನ್ ಬರೆಯುತ್ತೇನೆ, ಅಷ್ಟೇ. ಸೆಕ್ಷನ್ ಎಂದರೆ ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿದರೆ ಒಳಗೆ ಕಾಣುವ ಚಿತ್ರ. ಪ್ರತಿ ಮನೆಯಲ್ಲೂ ನೋಡಿದ್ದು ಇವೇ ವಿಷಯಗಳು. ಬಾಗಿಲಿನಿಂದ ಒಳಕ್ಕೆ ಎಷ್ಟು ತಿರುವು? ಗೋಡೆ ಎಷ್ಟು ದಪ್ಪ? ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಮಧ್ಯಾಹ್ನ ಮೂರು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆ?

ಶುರು ಮಾಡಿದ್ದು ರೋಮನ್ನರಿಂದ. ಉತ್ತರದ ಪಲೆನ್ಸಿಯಾ ಪ್ರಾಂತ್ಯದಲ್ಲಿ ಲಾ ಓಲ್ಮೆದಾ ಎಂಬ ರೋಮನ್ ವಿಲ್ಲಾ ಇದೆ. 1968ರಲ್ಲಿ ಹಾವಿಯೆರ್ ಕೊರ್ತೆಸ್ ಎಂಬವರ ಹೊಲದಲ್ಲಿ ಕೆಲಸ ನಡೆಯುವಾಗ ಅದರ ಗುರುತು ಸಿಕ್ಕಿತು. ಅವರು ತಮ್ಮ ಖರ್ಚಿನಲ್ಲೇ ಅಗೆಸಿದರು. 1980ರಲ್ಲಿ ಎಲ್ಲವನ್ನೂ ಪ್ರಾಂತ್ಯದ ಆಡಳಿತಕ್ಕೆ ಕೊಟ್ಟುಬಿಟ್ಟರು. ನಮ್ಮ ಕಡೆ ಹೊಲದಲ್ಲಿ ಹಳೇ ಗೋಡೆ ಸಿಕ್ಕರೆ ಮೊದಲು ಕಾಣೆಯಾಗುವುದು ಅದರ ಕಲ್ಲು, ಬಿಡಿ. ಅದು 4ನೇ ಶತಮಾನದ ಮನೆ. ನಡುವೆ ಅಂಗಳ, ಅಂಗಳದ ಸುತ್ತ ಕಂಬದ ಪಡಸಾಲೆ, ಪಡಸಾಲೆಯ ಸುತ್ತ ಕೋಣೆಗಳು, ನಾಲ್ಕು ಮೂಲೆಗೂ ಗೋಪುರ, ಪಕ್ಕದಲ್ಲಿ ಬಿಸಿನೀರಿನ ಸ್ನಾನಗೃಹ. ಮುಖ್ಯ ಹಜಾರದ ನೆಲದಲ್ಲಿ ಬಣ್ಣದ ಕಲ್ಲಿನ ಸಣ್ಣ ಚೂರುಗಳಿಂದ ಅಕಿಲಿಸನ ಕಥೆ ಮೂಡಿಸಿದ್ದಾರೆ. ಈಗ ಎಲ್ಲದರ ಮೇಲೂ ದೊಡ್ಡ ಮಾಡು ಕಟ್ಟಿ, ಓಡಾಡಲು ಎತ್ತರದ ಹಲಗೆ ಹಾದಿ ಮಾಡಿದ್ದಾರೆ. ಪ್ಲಾನ್ ಬರೆಯುವವರಿಗೆ ಇದಕ್ಕಿಂತ ಅನುಕೂಲ ಬೇಕಾ? ಮೇಲೆ ನಿಂತರೆ ಕೋಣೆ ಕೋಣೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಸ್ವಂತ ವಾಹನ ಇಲ್ಲದೆ ಅಲ್ಲಿಗೆ ತಲುಪುವುದು ಮಾತ್ರ ಸ್ವಲ್ಪ ರಗಳೆ.

ವಿಲ್ಲಾ ಎಂದರೆ ಆಗ ವಾರಾಂತ್ಯದ ಬಂಗಲೆ ಅಲ್ಲ. ಅದು ಜಮೀನಿನ ಮನೆ. ಯಜಮಾನ ವಾಸ ಮಾಡುವ ಭಾಗ ಒಂದು, ಆಳುಗಳೂ ದನಕರುಗಳೂ ಇರುವ ಭಾಗ ಇನ್ನೊಂದು. ಗಾಣ, ಕಣಜ, ದ್ರಾಕ್ಷಿ ಹಿಂಡುವ ತೊಟ್ಟಿಗಳು ಬೇರೆ. ದಕ್ಷಿಣ ಸ್ಪೇನಿನ ಆಲಿವ್ ಎಣ್ಣೆ ರೋಮ್ ನಗರಕ್ಕೆ ಎಷ್ಟು ಹೋಗುತ್ತಿತ್ತೆಂದರೆ, ಅದನ್ನು ತುಂಬಿ ಕಳಿಸಿದ ಮಣ್ಣಿನ ಜಾಡಿಗಳ ಚೂರಿನಿಂದಲೇ ಅಲ್ಲಿ ಮೊಂತೆ ತೆಸ್ತಾಚ್ಚೊ ಎಂಬ ಗುಡ್ಡ ಎದ್ದಿದೆ. ಅದೇ ದಕ್ಷಿಣದ ಆಂದಲೂಸಿಯಾ ಸೀಮೆಯ ಈಗಿನ ಕೊರ್ತಿಹೊ ಎಂಬ ತೋಟದ ಮನೆಗಳಲ್ಲೂ ಇದೇ ಜೋಡಣೆ ಕಂಡೆ. ನಡುವೆ ಅಂಗಳ, ಒಂದು ಕಡೆ ಮಾಲೀಕರ ಮನೆ, ಉಳಿದ ಕಡೆ ಗಾಣ, ಉಗ್ರಾಣ, ಕುದುರೆ ಲಾಯ. ಹೊರಗಿನ ಗೋಡೆಗೆ ಕಿಟಕಿ ಕಡಿಮೆ.

ಅದೇ ಪಲೆನ್ಸಿಯಾದಲ್ಲಿ ಸಾನ್ ಹುವಾನ್ ದೆ ಬಾನ್ಯೋಸ್ ಎಂಬ ಪುಟ್ಟ ಇಗರ್ಜಿ ಇದೆ. ರೋಮನ್ನರ ನಂತರ, ಅರಬರಿಗೆ ಮುಂಚೆ ಸ್ಪೇನ್ ಆಳಿದವರು ವಿಸಿಗಾತರು. 661ರಲ್ಲಿ ಅವರ ರಾಜ ರೆಸೆಸ್ವಿಂತ್ ಕಟ್ಟಿಸಿದ್ದು. ಅದನ್ನು ನೋಡಲೇಬೇಕೆಂದು ಹೋದದ್ದು ಕಮಾನುಗಳಿಗಾಗಿ. ಕುದುರೆ ಲಾಳದ ಆಕಾರದ ಕಮಾನು ಅರಬರ ಜೊತೆ ಬಂತು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಅವರು ಬಂದದ್ದು 711ರಲ್ಲಿ. ಕಮಾನು ಅಲ್ಲಿ ಮೊದಲೇ ಇತ್ತು. ಅವರು ಅದನ್ನು ಎತ್ತಿಕೊಂಡು ಬೆಳೆಸಿದರು.

ಎಷ್ಟು ಬೆಳೆಸಿದರು ಎಂದು ಕಾಣುವುದು ಕೋರ್ದೊಬಾದ ಮಸೀದಿಯಲ್ಲಿ. ಕಟ್ಟಲು ಶುರುಮಾಡಿದ್ದು 785ರ ಹೊತ್ತಿಗೆ, ಅರಬ್ ದೊರೆ ಒಂದನೇ ಅಬ್ದ್ ಅಲ್ ರಹಮಾನ್ ಕಾಲದಲ್ಲಿ. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಕೆಂಪು ಇಟ್ಟಿಗೆ ಎಂದು ಜೋಡಿಸಿದ ಕಮಾನುಗಳ ಫೋಟೊ ಎಲ್ಲರೂ ನೋಡಿರುತ್ತಾರೆ. ಸೆಕ್ಷನ್ ಬರೆದಾಗ ಬೇರೆಯೇ ಲೆಕ್ಕ ಸಿಕ್ಕಿತು. ಹಳೇ ರೋಮನ್, ವಿಸಿಗಾತ್ ಕಟ್ಟಡಗಳಿಂದ ತಂದ ಕಂಬಗಳು ಅವು. ಅಷ್ಟು ದೊಡ್ಡ ಹಜಾರಕ್ಕೆ ಎತ್ತರ ಸಾಲದು. ಅದಕ್ಕೇ ಕಂಬದ ಮೇಲೆ ಇನ್ನೊಂದು ಕಂಬ ಏರಿಸಿ, ಕೆಳಗೊಂದು ಮೇಲೊಂದು ಎರಡು ಸಾಲು ಕಮಾನು ಕಟ್ಟಿದ್ದಾರೆ. ಕೆಳಗಿನ ಕಮಾನು ಕಂಬಗಳು ಅಲುಗದಂತೆ ಹಿಡಿಯುತ್ತದೆ, ಮೇಲಿನದು ಮಾಡು ಹೊರುತ್ತದೆ. ಶೃಂಗಾರ ಎಂದು ನಾವು ಬೆರಗಾಗುವುದು ಮೇಸ್ತ್ರಿಯ ತಲೆನೋವಿನಿಂದ ಹುಟ್ಟಿದ್ದು.

ಗ್ರನಾದಾದ ಅಲ್‌ಹಂಬ್ರಾಗೆ ಹೋಗುವವರಿಗೆ ಒಂದು ಕಿವಿಮಾತು. ಅಲ್ಲಿನ ಮುಸ್ಲಿಂ ಸುಲ್ತಾನರಾದ ನಸ್ರಿದ್ ಮನೆತನದ ಅರಮನೆಗಳಿಗೆ ಟಿಕೆಟ್ಟಿನಲ್ಲಿ ಸಮಯ ನಮೂದಾಗಿರುತ್ತದೆ, ಆ ಹೊತ್ತಿಗೇ ಒಳಗೆ ಹೋಗಬೇಕು. ಜನ ಹಿಂದಿನಿಂದ ತಳ್ಳುತ್ತಿರುತ್ತಾರೆ. ಟೇಪು ಹಿಡಿದು ಅಳೆಯುತ್ತ ಕೂರಲು ಆಗಲ್ಲ. ನಾನು ಪ್ಲಾನನ್ನು ಮನೆಯಲ್ಲೇ ದೊಡ್ಡದಾಗಿ ಬರೆದುಕೊಂಡು ಹೋಗಿದ್ದೆ. ಅಲ್ಲಿ ಹೆಜ್ಜೆ ಲೆಕ್ಕದಲ್ಲಿ ತಾಳೆ ನೋಡಿ, ಎತ್ತರ ಮತ್ತು ನೆರಳು ಮಾತ್ರ ಗುರುತು ಹಾಕಿಕೊಂಡೆ. ಸಿಂಹಗಳ ಅಂಗಳದ 124 ಕಂಬಗಳನ್ನು ಎಣಿಸುವ ಆಸೆ ಬಂದರೆ ಬಿಟ್ಟುಬಿಡಿ, ಹೊತ್ತು ಸಾಲದು.

ವಿಲ್ಲಾ ಹುಡುಕಿ ಬಂದ ನನಗೆ ನಿಜವಾಗಿ ಸಿಕ್ಕಿದ್ದು ಎದುರಿನ ದಿಬ್ಬದಲ್ಲಿರುವ ಹೆನೆರಾಲಿಫೆ. ಅದು ಸುಲ್ತಾನರ ತೋಟದ ಮನೆ. ಮನೆ ಚಿಕ್ಕದು, ತೋಟ ದೊಡ್ಡದು. ಕೆಳಗಿನ ತರಕಾರಿ ತೋಟಗಳಲ್ಲಿ ಇವತ್ತಿಗೂ ಬೇಸಾಯ ಇದೆ. ದಾರ್ರೋ ನದಿಯ ನೀರನ್ನು ಸುಮಾರು 6 ಕಿ.ಮೀ. ಮೇಲಿನಿಂದ ಕಾಲುವೆಯಲ್ಲಿ ತಂದಿದ್ದಾರೆ. ಆ ಕಾಲುವೆಯೇ ಅಂಗಳದ ನಡುವೆ ಉದ್ದಕ್ಕೂ ಹರಿಯುತ್ತದೆ. ಎರಡೂ ಕಡೆಯಿಂದ ಚಿಮ್ಮುವ ಕಾರಂಜಿಗಳು ಆಮೇಲೆ ಸೇರಿಸಿದ್ದು. 1958ರಲ್ಲಿ ಅಲ್ಲಿ ಬೆಂಕಿ ಬಿತ್ತು. ಆಮೇಲೆ ಅಗೆದಾಗ ಹಳೇ ತೋಟದ ಮಣ್ಣು ಓಡಾಡುವ ಹಾದಿಗಿಂತ ಕೆಳಗೆ ಸಿಕ್ಕಿತು. ಅಂದರೆ ಗಿಡಗಳು ತಗ್ಗಿನಲ್ಲಿ ಬೆಳೆಯುತ್ತಿದ್ದವು, ನಡೆಯುವವರಿಗೆ ಹೂವು ಕಾಲ ಬಳಿಯೇ ಸಿಗುತ್ತಿತ್ತು. ಈ ಒಂದು ಉಪಾಯವನ್ನು ನಾನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟೆ.

ಅಲ್‌ಹಂಬ್ರಾದ ಮಧ್ಯೆ ಸ್ಪೇನಿನ ಕ್ರೈಸ್ತ ದೊರೆ ಐದನೇ ಚಾರ್ಲ್ಸ್ 1527ರಲ್ಲಿ ಶುರುಮಾಡಿಸಿದ ಅರಮನೆಯೂ ಇದೆ. ಪೆದ್ರೊ ಮಚೂಕಾ ಬರೆದ ನಕ್ಷೆ. ಹೊರಗೆ 63 ಮೀಟರಿನ ಚೌಕ, ಒಳಗೆ 30 ಮೀಟರಿನ ದುಂಡು ಅಂಗಳ. ಕಾಗದದ ಮೇಲೆ ಬಲು ಚೆಂದ. ಮಧ್ಯಾಹ್ನ ಅದರ ನಡುವೆ ನಿಂತರೆ ಸುಟ್ಟುಹೋಗುತ್ತೀರಿ. ನೀರಿಲ್ಲ, ಮರವಿಲ್ಲ. ಪಕ್ಕದ ಸುಲ್ತಾನರ ಮನೆಯಲ್ಲಿ ಕಲಿಯಲು ಇಷ್ಟೆಲ್ಲ ಇದ್ದೂ ಕಲಿಯಲಿಲ್ಲವಲ್ಲ ಎನಿಸಿತು.

ಸೆವಿಯ್ಯಾದವರು ಕಲಿತರು. ಅಲ್ಲಿನ ಕಾಸಾ ದೆ ಪಿಲಾತೋಸ್ ಎಂಬ ಮನೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತೆ. 15, 16ನೇ ಶತಮಾನದ ಮನೆ. ಜಿನೋವಾದಿಂದ ಬಂದ ಅಮೃತಶಿಲೆಯ ಕಂಬ, ಅರಬ್ ಕೈಚಳಕದ ಗಾರೆ ಕೆತ್ತನೆ, ಗಾಥಿಕ್ ಕಟಾಂಜನ ಎಲ್ಲ ಒಂದೇ ಅಂಗಳದಲ್ಲಿ ಜಗಳವಿಲ್ಲದೆ ಇವೆ. ಕ್ರೈಸ್ತ ಯಜಮಾನರಿಗೆ ಮುಸ್ಲಿಂ ಕುಶಲಕರ್ಮಿಗಳ ಪರಂಪರೆ ಕಟ್ಟಿಕೊಟ್ಟ ಈ ಬಗೆಗೆ ಮುದೇಹಾರ್ ಎನ್ನುತ್ತಾರೆ. ಗೋಡೆಯನ್ನು ಕೆಳಗಿನಿಂದ ನೋಡಿ. ಎದೆಯೆತ್ತರಕ್ಕೂ ಮೇಲಿನವರೆಗೆ ಬಣ್ಣದ ಟೈಲ್ಸ್, ಅದರ ಮೇಲೆ ಗಾರೆ, ತಲೆಯ ಮೇಲೆ ಕೆತ್ತಿದ ಮರದ ಸೂರು. ಜನ ಒರಗುವ, ನೀರು ಸಿಡಿಯುವ, ಬೇಗ ಕೊಳೆಯಾಗುವ ಕಡೆ ಟೈಲ್ಸ್. ಕೈಗೆ ಎಟುಕದ ಕಡೆ ನಾಜೂಕು ಗಾರೆ. ಎಷ್ಟು ಸರಳ!

ಬೀದಿಯಿಂದ ನೇರ ಅಂಗಳಕ್ಕೆ ಬರುವಂತಿಲ್ಲ. ಸೆವಿಯ್ಯಾ, ಕೋರ್ದೊಬಾದ ಮನೆಗಳಲ್ಲಿ ಮೊದಲು ಒಂದು ಸಣ್ಣ ನಡುಗೋಣೆ, ಆಮೇಲೆ ಕಬ್ಬಿಣದ ಕಂಬಿ ಬಾಗಿಲು, ಆಮೇಲೆ ಅಂಗಳ. ಹಗಲಿನಲ್ಲಿ ಬೀದಿ ಬಾಗಿಲು ತೆರೆದಿಟ್ಟರೂ ಕಂಬಿ ಬಾಗಿಲು ಮುಚ್ಚಿರುತ್ತದೆ. ಗಾಳಿ ಹೋಗುತ್ತದೆ, ಜನ ಹೋಗಲ್ಲ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬಿಸಿಲು ಏರಿದಂತೆ ಅಂಗಳದ ಮೇಲೆ ದಪ್ಪ ಬಟ್ಟೆ ಎಳೆಯುತ್ತಾರೆ, ಸಂಜೆ ಸರಿಸುತ್ತಾರೆ. ರಾತ್ರಿಯ ತಂಪು ಒಳಗೆ ಇಳಿದು ನೆಲದಲ್ಲಿ, ದಪ್ಪ ಗೋಡೆಯಲ್ಲಿ ಉಳಿಯುತ್ತದೆ. ಹಳೇ ಸಿರಿವಂತರು ಬೇಸಿಗೆಯಲ್ಲಿ ಕೆಳಗಿನ ಅಂತಸ್ತಿನಲ್ಲೂ ಚಳಿಗಾಲದಲ್ಲಿ ಮೇಲಿನ ಅಂತಸ್ತಿನಲ್ಲೂ ವಾಸ ಮಾಡುತ್ತಿದ್ದರು. ಮನೆಯೊಳಗೇ ವಲಸೆ. ಕೋರ್ದೊಬಾದಲ್ಲಿ ಮೇ ತಿಂಗಳಲ್ಲಿ ಅಂಗಳಗಳ ಹಬ್ಬ ನಡೆಯುತ್ತದೆ, 2012ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಸಾಮಾನ್ಯರ ಮನೆಯ ಒಳಗೆ ಹೋಗಿ ನೋಡಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ.

ಉಳಿದ ಶೈಲಿಗಳನ್ನು ನಾನು ಬೇಗ ಬೇಗ ನೋಡಿದೆ, ಇಲ್ಲೂ ಬೇಗ ಹೇಳುತ್ತೇನೆ. ಸಲಮಾಂಕಾ ವಿಶ್ವವಿದ್ಯಾಲಯದ ಬಾಗಿಲಲ್ಲಿ ಬೆಳ್ಳಿ ಕೆಲಸದವರ ಕುಸುರಿಯಂಥ ಪ್ಲಾತೆರೆಸ್ಕೊ ಇದೆ. ಅದರ ಬೆನ್ನಿಗೇ, ಒಂದು ಗೆರೆಯೂ ಹೆಚ್ಚಿಲ್ಲದ ಎಲ್ ಎಸ್ಕೊರಿಯಾಲ್ ಎಂಬ ರಾಜರ ಅರಮನೆ-ಮಠ. 1563ರಿಂದ 1584ರವರೆಗೆ ಕಟ್ಟಿದ್ದು, ಹ್ವಾನ್ ದೆ ಎರ್ರೇರಾ ಮುಗಿಸಿದ್ದು. ಆಮೇಲೆ ಚುರ್ರಿಗೇರಾ ಮನೆತನದ ಹೆಸರಿನ, ಅಲಂಕಾರ ತುಂಬಿ ತುಳುಕುವ ಬರೋಕ್ ಭರಾಟೆ. ಅದರಲ್ಲಿ ಜಾಸ್ತಿ ಹೊತ್ತು ನಿಲ್ಲಲು ನನ್ನಿಂದ ಆಗಲಿಲ್ಲ. ಬಾರ್ಸೆಲೋನಾದಲ್ಲಿ ವಾಸ್ತುಶಿಲ್ಪಿ ಗೌಡಿ ಇದ್ದೇ ಇದ್ದಾನೆ. ಅವನ ಮೊದಮೊದಲ ಮನೆಗಳಲ್ಲೊಂದಾದ ಕಾಸಾ ವಿಸೆನ್ಸ್, 1883ರಿಂದ 1885ರ ನಡುವೆ ಬೇಸಿಗೆ ಮನೆಯಾಗಿ ಕಟ್ಟಿದ್ದು. ಹೊರಗೆಲ್ಲ ಟೈಲ್ಸ್, ಒಳಗೆ ಮುದೇಹಾರ್ ನೆನಪು. ಶೈಲಿಗಳು ಒಂದರ ನಂತರ ಒಂದು ಸಾಲಾಗಿ ಬರುವುದಿಲ್ಲ, ಹಳೆಯದು ಹೀಗೆ ಮತ್ತೆ ಎದ್ದು ಬರುತ್ತದೆ.

ಹಾಗಾದರೆ ನಮ್ಮ ಫೋನುಗಳಲ್ಲಿರುವ ಆ ಫೋಟೊ ಎಲ್ಲಿಯದು? ನಾನು ನೋಡಿದ ಮಟ್ಟಿಗೆ ಅದು ಹೆಚ್ಚು ಹತ್ತಿರ ಕ್ಯಾಲಿಫೋರ್ನಿಯಾಕ್ಕೆ. 1915ರಲ್ಲಿ ಸಾನ್ ಡಿಯೆಗೊದ ದೊಡ್ಡ ವಸ್ತುಪ್ರದರ್ಶನಕ್ಕೆ ವಾಸ್ತುಶಿಲ್ಪಿ ಬರ್ಟ್ರಂ ಗುಡ್ಹ್ಯೂ ಸ್ಪ್ಯಾನಿಷ್ ಬಗೆಯ ಕಟ್ಟಡಗಳನ್ನು ಬರೆದುಕೊಟ್ಟ. ಅದು ಭಾರಿ ಜನಪ್ರಿಯವಾಯಿತು. 1925ರ ಭೂಕಂಪದ ನಂತರ ಸಾಂಟಾ ಬಾರ್ಬರಾ ಊರನ್ನು ಇದೇ ಬಗೆಯಲ್ಲಿ ಮತ್ತೆ ಕಟ್ಟಿದರು. ಹುಲ್ಲುಹಾಸಿನ ನಡುವೆ ಒಂಟಿಯಾಗಿ ನಿಂತು ಮುಖ ತೋರಿಸುವ ಬಿಳಿ ಮನೆ ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ಆಂದಲೂಸಿಯಾದ ಊರಮನೆ ಹಾಗಲ್ಲ. ಅದು ಪಕ್ಕದ ಮನೆಗೆ ಭುಜ ಕೊಟ್ಟು ನಿಂತು, ಆಕಾಶವನ್ನು ಒಳಗಿಟ್ಟುಕೊಳ್ಳುತ್ತದೆ. ನಮ್ಮ ಮಲೆನಾಡಿನ, ಮೈಸೂರು ಸೀಮೆಯ ತೊಟ್ಟಿಮನೆಯ ಹಾಗೆ.

ವಾಪಸ್ ಬಂದ ಮೇಲೆ ಬೆಂಗಳೂರಿನ ಒಂದು 40×60 ಸೈಟಿನಲ್ಲಿ ಇದನ್ನು ಮಾಡಿ ನೋಡಿದೆ. ಮೊದಲ ತೊಡಕು ಸೆಟ್‌ಬ್ಯಾಕ್. ನಮ್ಮ ನಿಯಮ ಖಾಲಿ ಜಾಗವನ್ನು ಮನೆಯ ಸುತ್ತ ಬಿಡಿಸುತ್ತದೆ, ಅಲ್ಲಿ ಮನೆ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಸುತ್ತ ಬಿಟ್ಟು ಒಳಗೂ ಬಿಟ್ಟರೆ ಕೋಣೆಗೆ ಏನು ಉಳಿಯುತ್ತದೆ? ಮುಂದಿನ ಕಮಾನುಗಳನ್ನೂ ಗೋಪುರವನ್ನೂ ಹೊಡೆದುಹಾಕಿ, ಉಳಿದ ಅಡಿಗಳಲ್ಲಿ 12×14ರ ಅಂಗಳ ಮಾಡಿದೆ. ಮನೆಯವರು ಗೋಪುರಕ್ಕಾಗಿ ಬೇಜಾರು ಮಾಡಿಕೊಂಡರು, ಅಂಗಳದ ಸೆಕ್ಷನ್ ತೋರಿಸಿದ ಮೇಲೆ ಒಪ್ಪಿದರು. ಎರಡು ಅಡಿ ದಪ್ಪದ ಗೋಡೆ ಕೊಡಲು ಜಾಗವಿರಲಿಲ್ಲ. ಪಶ್ಚಿಮದ ಗೋಡೆಯನ್ನು ಮಾತ್ರ ದಪ್ಪ ಮಾಡಿ, ಉಳಿದ ಕಡೆ ವಾರ್ಡ್‌ರೋಬ್‌ಗಳನ್ನು ಹೊರಗೋಡೆಗೆ ಒರಗಿಸಿದೆ. ಬಾಗಿಲಿನಿಂದ ಒಂದು ತಿರುವು, ಆಮೇಲೆ ಕಂಬಿ ಬಾಗಿಲು, ಆಮೇಲೆ ಅಂಗಳ. ಗಿಡದ ಮಡಿಗಳು ನೆಲಕ್ಕಿಂತ ತಗ್ಗಿನಲ್ಲಿವೆ, ಹೆನೆರಾಲಿಫೆಯಿಂದ ಎತ್ತಿದ್ದು.

ಮಳೆಯ ಲೆಕ್ಕವೇ ಬೇರೆ. ಸೆವಿಯ್ಯಾದಲ್ಲಿ ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ, ಅದೂ ಹೆಚ್ಚಾಗಿ ಚಳಿಗಾಲದಲ್ಲಿ. ನಮ್ಮಲ್ಲಿ ಅದರ ಎರಡರಷ್ಟು ಹತ್ತಿರ, ಬಂದರೆ ಒಂದೇ ಸಂಜೆ ಧೋ ಎಂದು ಸುರಿಯುತ್ತದೆ. ಅಲ್ಲಿನ ಹಾಗೆ ಗೋಡೆಗೆ ಸಮನಾಗಿ ಮಾಡು ನಿಲ್ಲಿಸಿದರೆ ಬಿಳಿ ಗೋಡೆ ಪಾಚಿಗಟ್ಟಿ ಕಪ್ಪಾಗುತ್ತದೆ. ಮಾಡನ್ನು ಮೂರು ಅಡಿ ಮುಂದೆ ಚಾಚಿದೆ, ಕಿಟಕಿಗಳಿಗೆ ಸಜ್ಜ ಕೊಟ್ಟೆ, ಅಂಗಳದ ಮೋರಿಗೆ ಆರು ಇಂಚಿನ ಎರಡು ಪೈಪು ಹಾಕಿಸಿದೆ. ಆಂದಲೂಸಿಯಾದವರು ಗೋಡೆಗೆ ವರ್ಷ ವರ್ಷ ಸುಣ್ಣ ಬಳಿಯುತ್ತಾರೆ. ಮೊರೊನ್ ಎಂಬ ಊರಿನ ಸುಣ್ಣ ಸುಡುವ ಕಸುಬು 2011ರಲ್ಲಿ ಯುನೆಸ್ಕೊ ಮನ್ನಣೆ ಪಡೆದಿದೆ. ನಮ್ಮಲ್ಲಿ ಒಳ್ಳೆ ಸುಣ್ಣ ಸಿಕ್ಕರೂ ಗಾರೆ ಹದ ಗೊತ್ತಿರುವ ಮೇಸ್ತ್ರಿ ಸಿಗುವುದು ಕಷ್ಟ. ಅಂಗಳದ ಒಳಗೋಡೆಗೆ ಮಾತ್ರ ಗಾರೆ ಮಾಡಿಸಿ, ಹೊರಗೆ ಮಾಮೂಲಿ ಸಿಮೆಂಟಿಗೆ ಬಿಟ್ಟೆ.

ಹೆಂಚಿನ ವಿಷಯದಲ್ಲಿ ಅಂಗಡಿಯ "ಸ್ಪ್ಯಾನಿಷ್ ಟೈಲ್" ಬೇಡ ಎಂದೆ. ಅಲ್ಲಿನ ಹಳೇ ಹೆಂಚು ನಮ್ಮ ನಾಡಹೆಂಚಿನ ಆಕಾರದ್ದೇ. ಒಂದು ಅಂಗಾತ, ಅದರ ಮೇಲೆ ಇನ್ನೊಂದು ಬೋರಲು. ಕಳಚಿದ ಹಳೇ ಮನೆಯಿಂದ ನಾಡಹೆಂಚು ಕೊಂಡು ತಂದೆವು. ಸುಮ್ನೆ ಹೊದಿಸಿದರೆ ಮಂಗಗಳ ಕಾಟಕ್ಕೆ ಉಳಿಯಲ್ಲ. ಹಾಗಾಗಿ ಇಳಿಜಾರು ಕಾಂಕ್ರೀಟಿನ ಮೇಲೆ ಸಾಲು ಬಿಟ್ಟು ಸಾಲು ಗಾರೆಯಲ್ಲಿ ಕೂರಿಸಿದ್ದೇವೆ. ಒಡೆದರೆ ಬದಲಾಯಿಸಲು ಒಂದಷ್ಟು ಹೆಂಚು ತಾರಸಿಯ ಮೂಲೆಯಲ್ಲಿ ಪೇರಿಸಿಟ್ಟಿದೆ.