ಹಳೇ ಝೋಯಿಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿ ದಾಟಿದ್ದು: ನನ್ನ ಅನುಭವ

ಕೊನೆಗೂ ಆಯ್ತು. ನಂದು ರೆನೋ ಝೋಯಿ ಅನ್ನೋ ಎಲೆಕ್ಟ್ರಿಕ್ ಕಾರು, 22 ಯೂನಿಟ್‌ನ ಹಳೇ ಬ್ಯಾಟರಿ, ಈಗ ಕೈಗೆ ಸಿಗೋದು ಹೆಚ್ಚೂಕಮ್ಮಿ 19 ಅಷ್ಟೇ. ಅದ್ರಲ್ಲೇ ಸ್ವಿಟ್ಜರ್ಲೆಂಡ್ ಕಡೆಯಿಂದ ಹತ್ತಿ ಇಟಲಿಯ ಆಸ್ತಾಗೆ ಇಳಿದೆ. ಲೊಸಾನ್‌ನಲ್ಲಿರೋ ನಮ್ಮ ಕನ್ನಡದವ್ರೆಲ್ಲ "ಬೇಡ ಮಾರಾಯ, ಟೋ ಮಾಡಿಸ್ಕೊಂಡು ಬರ್ತೀಯ, ಸುಮ್ನೆ ಪೆಟ್ರೋಲ್ ಗಾಡಿ ಬಾಡಿಗೆಗೆ ತಗೋ" ಅಂತಿದ್ರು.

ಸ್ವಿಟ್ಜರ್ಲೆಂಡ್ ಕಡೆ ಘಾಟಿ ಬುಡದ ಊರು ಮಾರ್ಟಿನಿ ಇರೋದು 470 ಮೀಟರಲ್ಲಿ, ಘಾಟಿ ತುದಿ 2,469. ನಮ್ಮ ಆಗುಂಬೆ ಘಾಟಿನ ಮೂರು ಸಲಕ್ಕಿಂತ ಜಾಸ್ತಿ ಒಂದರ ಮೇಲೊಂದು ಹತ್ತಿದ ಹಾಗೆ, ಅದೂ 45 ಕಿಲೋಮೀಟರ್ ಆಸುಪಾಸಲ್ಲಿ.

ಮೊದಲ ಸಲ ನಾಲ್ಕು ಜನ, ಮೇಲೆ ರೂಫ್ ಬಾಕ್ಸ್, ಮಾರ್ಟಿನಿಲಿ ಫುಲ್ ಮಾಡ್ಕೊಂಡು ಹೊರಟ್ವಿ, ದಾರೀಲಿರೋ ಬೂರ್-ಸೇಂಟ್-ಪಿಯರ್ ಹಳ್ಳಿ ಮುಟ್ಟೋ ಹೊತ್ತಿಗೆ 38% ಉಳಿದಿತ್ತು, ಇನ್ನೂ 800 ಮೀಟರ್ ಮೇಲಕ್ಕೆ ಹತ್ತಬೇಕು, ಲೆಕ್ಕ ಹಾಕಿದ್ರೆ ಅದಕ್ಕೇ 36% ಬೇಕು. ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಆ ರಿಸ್ಕ್ ಯಾಕೆ ಅಂತ ವಾಪಸ್ ತಿರುಗಿಸ್ದೆ. ಇನ್ನೊಂದ್ಸಲ ನಂಬ್ಕೊಂಡಿದ್ದ ಚಾರ್ಜರೇ ಸತ್ತಿತ್ತು, ಹೆಲ್ಪ್‌ಲೈನಲ್ಲಿ ಮುಕ್ಕಾಲು ಗಂಟೆ ಹೋಯ್ತು, ದಿನವೂ ಹೋಯ್ತು. ಮತ್ತೊಂದ್ಸಲ ಅಕ್ಟೋಬರ್ ಶುರುವಲ್ಲೇ ಹಿಮ ಬಿದ್ದು ಘಾಟಿ ರಸ್ತೆಗೆ ಗೇಟ್ ಹಾಕಿದ್ರು. ಘಾಟಿ ಕೆಳಗೆ ಸುರಂಗ ಇದೆ, 1964ರಿಂದ, ವರ್ಷಪೂರ್ತಿ ತೆರೆದಿರುತ್ತೆ, ಆದ್ರೆ ಒಂದು ಕಡೆಗೇ 30 ಫ್ರಾಂಕ್ ಮೇಲೆ. ಮೇಲಿನ ರಸ್ತೆ ಫ್ರೀ. ಹೈವೇಗೆ 40 ಫ್ರಾಂಕ್ ವಿನ್ಯೆಟ್ (ವರ್ಷದ ಪಾಸು) ಹೇಗೂ ಕಟ್ಟಿರ್ತೀವಿ, ಕಾರು ನಮ್ದಾದ್ರೂ ಬ್ಯಾಟರಿ ರೆನೋದು, ಅದಕ್ಕೆ ತಿಂಗಳ ಬಾಡಿಗೆ ಬೇರೆ, ಮೇಲೆ ಸುರಂಗಕ್ಕೂ ದುಡ್ಡು ಸುರಿಯೋಕೆ ನನಗೆ ಮನಸ್ಸಿರ್ಲಿಲ್ಲ.

ಕೆಲಸ ಮಾಡಿದ್ದು ಏನಂದ್ರೆ ಮಾರ್ಟಿನಿ ಬಿಟ್ಟು, ಕಣಿವೆಲಿ ಇನ್ನೂ ಮೇಲೆ, ಒರ್ಸಿಯೇರ್ ಊರಿನ ಆಚೆ ಈಚೆ ಒಂದು ಕೆಂಪು ಮೂರು ಫೇಸ್ ಸಾಕೆಟ್ಟಲ್ಲಿ ತುಂಬಿಸ್ಕೊಂಡಿದ್ದು. ಆ ಸಾಕೆಟ್ ಎಲ್ಲಿ ಅಂತ ಮಾತ್ರ ಹೇಳಲ್ಲ, ಎಲ್ರೂ ಹೋಗಿ ನಿಂತ್ರೆ ಮಾಲೀಕ ತೆಗೆದೇ ಬಿಡ್ತಾನೆ. ಝೋಯಿ ಇಟ್ಕೊಂಡವ್ರಿಗೆ ಗೊತ್ತೇ ಇದೆ, ಅರ್ಥಿಂಗ್ ಚೂರು ಸರಿ ಇಲ್ಲ ಅಂದ್ರೂ ಗಾಡಿ ಕರೆಂಟ್ ತಗೊಳ್ಳಲ್ಲ: ಟಕ್ ಟಕ್ ಅಂತ ರಿಲೇ ಎರಡ್ಮೂರು ಸಲ ಬಡಿದು ಕೆಂಪು ಲೈಟ್ ಹಾಕಿ ಸುಮ್ಮನಾಗುತ್ತೆ. ಅದಕ್ಕೂ ಒಂದು ಉಪಾಯ ಇದೆ, ಅದೂ ನನ್ ಹತ್ರಾನೇ ಇರ್ಲಿ.

ಅಲ್ಲಿಂದ ಮೂರೇ ಜನ, ರೂಫ್ ಬಾಕ್ಸ್ ಇಲ್ಲ, ಕರೆಂಟ್ ಉಳಿಸೋ ಇಕೋ ಮೋಡ್. ಭಾರದ ಮೇಲೆ ಒಂದು ಪ್ರಯೋಗಾನೂ ಮಾಡಿದ್ದೆ, ನೀರಿನ ಕ್ಯಾನ್ ತುಂಬ್ಕೊಂಡು, ತೆಗೆದು: 100 ಕೆಜಿ ಇಳಿಸಿದ್ರೆ ಇಷ್ಟು ಎತ್ತರಕ್ಕೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ, ಅಂದ್ರೆ ನನ್ನ ಬ್ಯಾಟರಿಲಿ 3% ಉಳಿಯುತ್ತೆ. ಸ್ಪೀಡು ಕಮ್ಮಿ ಮಾಡಿದ್ರೆ ಎತ್ತರಕ್ಕೆ ಬೇಕಾದ ಕರೆಂಟ್ ಕಮ್ಮಿ ಆಗಲ್ಲ, ಗಾಳಿ ಸೀಳೋಕೆ ಹೋಗೋದು ಮಾತ್ರ ಉಳಿಯೋದು. ಅದಕ್ಕೆ ಹಿಮತಡೆ ಛಾವಣಿಯ ಗ್ಯಾಲರಿಗಳಲ್ಲಿ 60ರಲ್ಲೇ ಹೋದೆ. ಸುರಂಗದ ಬಾಯಿಗೆ ಮೊದ್ಲೇ ಎಕ್ಸಿಟ್ ತಗೋಬೇಕು, ತಪ್ಪಿದ್ರೆ ಸೀದಾ ಟೋಲು. ಆಮೇಲೆ ಕೋಂಬ್ ದೆ ಮೋರ್, ಮರಾನೇ ಇಲ್ಲದ ಬರೀ ಕಲ್ಲು, ತಿರುವಿನ ಮೇಲೆ ತಿರುವು. 1800ರಲ್ಲಿ ನೆಪೋಲಿಯನ್ ಇಲ್ಲೇ ಫಿರಂಗಿ ಎಳೆಸಿದ್ದು. ತುದೀಲಿ ಸನ್ಯಾಸಿಗಳ ಹಾಸ್ಪಿಸ್ (ದಾರಿಹೋಕರ ತಂಗುಮನೆ) ಮುಂದೆ ನಿಲ್ಲಿಸಿದಾಗ ಬ್ಯಾಟರಿ ಮೀಟರ್ 35% ಚಿಲ್ಲರೆ ತೋರಿಸ್ತಿತ್ತು, ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸ್ದೆ!

ಕೆರೆ ಪಕ್ಕದಲ್ಲೇ ಇಟಲಿ ಗಡಿ, ಚೌಕಿಲಿ ಅವತ್ತು ಯಾರೂ ಇರ್ಲಿಲ್ಲ. ಆದ್ರೂ ಇಂಡಿಯನ್ ಪಾಸ್‌ಪೋರ್ಟು, ಸ್ವಿಸ್ ವಾಸದ ಪರ್ಮಿಟ್ ಕಾರ್ಡು ಎರಡೂ ಜೇಬಲ್ಲಿರ್ಲಿ. ಇಳಿಯೋವಾಗ ನಮ್ಮ ಹಳೇ ಮಾಡೆಲ್ಲಿಗೆ ಬಿ ಮೋಡ್ (ಕಾಲು ತೆಗೆದ್ರೆ ಮೋಟಾರೇ ಜೋರಾಗಿ ಹಿಡಿಯೋದು) ಇಲ್ಲ, ಆದ್ರೆ ಬ್ರೇಕ್ ಪೆಡಲ್ ಮೆತ್ತಗೆ ಒತ್ತಿದ್ರೆ ಮೊದ್ಲು ಮೋಟಾರೇ ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ತುಂಬುತ್ತೆ, ಪ್ಯಾಡ್ ಬಿಸಿಯಾಗಲ್ಲ. ಆಸ್ತಾ ಮುಟ್ಟಿದಾಗ 55%ರ ಮೇಲೆ, ಅಂದ್ರೆ ನಾಲ್ಕು ಯೂನಿಟ್ ಹತ್ರ ಪುಕ್ಕಟೆ.

ವಾಪಸ್ ಬರೋವಾಗ ಆಸ್ತಾದಲ್ಲಿ ಫುಲ್ ಮಾಡಿ ಒಂದೇ ಉಸಿರಿಗೆ ಹತ್ತಿದೆ, ತುದೀಲಿ 25% ಉಳಿದಿತ್ತು. ಎರಡೂ ಕಡೆ ಸೇರಿ ಕರೆಂಟಿಗೆ 25 ಫ್ರಾಂಕ್ ಆಗಿರ್ಬೋದು. ಇಟಲಿಯಿಂದ ಡಿಕ್ಕಿಲಿ ವೈನ್ ತರೋರು ತಲೆಗೆ 5 ಲೀಟರ್ ದಾಟಿಸ್ಬೇಡಿ, ದಾಟಿದ್ರೆ ಸುಂಕ.